ಕರಗುವ ಹೊಲಿಗೆ: ಮನೆಗೆ ಬಂದ ಮೇಲೆ ನೋಡಿಕೊಳ್ಳುವುದು ಹೇಗೆ?

ತಂಗಿಗೆ ಸಿಸೇರಿಯನ್ ಆಗಿ 12ನೇ ದಿನ. ಗಾಯದ ಒಂದು ತುದಿಯಲ್ಲಿ ನೇರಳೆ ಬಣ್ಣದ ಎಳೆಯೊಂದು ಅಕ್ಕಿ ಕಾಳಿನಷ್ಟು ಹೊರಗೆ ಇಣುಕುತ್ತಿತ್ತು. "ಎಳೆದುಬಿಡ್ಲಾ ಅಕ್ಕಾ?" ಅಂದಳು. ಥಟ್ಟನೆ ಅವಳ ಕೈ ಹಿಡಿದೆ. ಎಳೆದರೆ ಒಳಗಿನ ಹೊಲಿಗೆ ಬಿಡಬಹುದು, ಉಗುರಿನ ಕೊಳೆ ಗಾಯಕ್ಕೆ ಸೇರಬಹುದು.

ಮೊದಲ ಕೆಲಸ ಡಿಸ್ಚಾರ್ಜ್ ದಿನವೇ ಆಗಬೇಕು. ಯಾವ ದಾರ ಹಾಕಿದ್ದಾರೆ, ಬಿಚ್ಚಿಸಬೇಕಾ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಒಳಗೆ ಕರಗುವ ದಾರ, ಚರ್ಮದ ಮೇಲೆ ಬಿಚ್ಚಬೇಕಾದ ನೈಲಾನ್, ಹೀಗೆ ಎರಡೂ ಇರುವುದುಂಟು.

ಆಮೇಲೆ ಒಂದು ಲೆಕ್ಕ ತಿಳಿದುಕೊಳ್ಳಿ. ದಾರ ಕರಗುವ ಎಷ್ಟೋ ಮೊದಲೇ ಅದರ ಬಿಗಿ ಹೋಗಿರುತ್ತದೆ. ತುಂಬಾ ಬಳಕೆಯಲ್ಲಿರುವ ವೈಕ್ರಿಲ್ ಎಂಬ ಕರಗುವ ದಾರ ನೋಡಿ: 2 ವಾರಕ್ಕೆ ಸುಮಾರು ಮುಕ್ಕಾಲು ಪಾಲು ಬಲ ಉಳಿದಿರುತ್ತದೆ, 3 ವಾರಕ್ಕೆ ಅರ್ಧ. ದಾರ ಪೂರ್ತಿ ಮಾಯವಾಗುವುದು 56ರಿಂದ 70 ದಿನಕ್ಕೆ. ಮೈಯೊಳಗಿನ ನೀರಿನಂಶವೇ ಅದನ್ನು ನಿಧಾನಕ್ಕೆ ಮುರಿಯುತ್ತದೆ. ಹಳೆಯ ಕ್ಯಾಟ್‌ಗಟ್ ದಾರ ಹಾಗಲ್ಲ. ಅದು ಕುರಿ ಅಥವಾ ದನದ ಕರುಳಿನಿಂದ ಮಾಡಿದ್ದು, ಹೆಸರಲ್ಲಿ ಬೆಕ್ಕಿದ್ದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಕಿಣ್ವಗಳು ಕರಗಿಸುತ್ತವೆ, ಸುತ್ತಲೂ ಊತ ಜಾಸ್ತಿ. ಹೆರಿಗೆಯಲ್ಲಿ ಕೆಳಗೆ ಹಾಕುವ ಹೊಲಿಗೆಗೆ ಬೇಗ ಕರಗುವ ವೈಕ್ರಿಲ್ ರ‍್ಯಾಪಿಡ್ ಬಳಸುತ್ತಾರೆ. ಅದು ಸುಮಾರು 42 ದಿನಕ್ಕೆ ಮುಗಿಯುತ್ತದೆ. ಹೊಟ್ಟೆಯ ಗಟ್ಟಿ ಪದರ ಕೂಡಲು ಹೆಚ್ಚು ದಿನ ಬೇಕು. ಅಲ್ಲಿಗೆ ಪಿಡಿಎಸ್ ಎಂಬ ನಿಧಾನಕ್ಕೆ ಕರಗುವ ದಾರ ಹಾಕುತ್ತಾರೆ, ಪೂರ್ತಿ ಕರಗಲು 6 ತಿಂಗಳಾದರೂ ಬೇಕು.

ಆರೈಕೆ ಸರಳ. ಸ್ನಾನಕ್ಕೆ ಡಾಕ್ಟರ್ ಒಪ್ಪಿದ ಮೇಲೆ ಗಾಯದ ಮೇಲೆ ನೀರು ಹರಿಯಲಿ, ಉಜ್ಜಬೇಡಿ. ಶುಭ್ರವಾದ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅಜ್ಜಿ ಹೇಳಿದರೂ ಬೇಡ. ಸಿಸೇರಿಯನ್ ಆದವರು 6 ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು. ತುಂಬಿದ ಬಿಂದಿಗೆಯನ್ನು ಮನೆಯ ಬೇರೆಯವರು ಎತ್ತಲಿ, ಅಲ್ವಾ?

ಸುತ್ತ ಕೆಂಪು ಹರಡಿದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಬಂದರೆ, ಗಾಯ ಬಾಯಿ ಬಿಟ್ಟರೆ ಅವತ್ತೇ ಆಸ್ಪತ್ರೆಗೆ ಹೋಗಿ.

ತಂಗಿಯನ್ನು ಮರುದಿನ ಕರೆದುಕೊಂಡು ಹೋದೆ. ನರ್ಸ್ ಎಳೆಯನ್ನು ಚಿಮುಟದಲ್ಲಿ ಹಗುರಾಗಿ ಹಿಡಿದು, ಚರ್ಮಕ್ಕೆ ಸಮನಾಗಿ ಕತ್ತರಿಸಿದರು. ಒಳಗೆ ಉಳಿದಿದ್ದು ತಾನಾಗೇ ಕರಗಿತು.