ಮರುಭೂಮಿಯ ಹೊಳೆ ಬದಿ ಟೆಂಟು: ಮೊದಲು ಜಾಗ, ಆಮೇಲೆ ಚಿತ್ರಾನ್ನ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್, ಚಾಂಡ್ಲರ್ ಕಡೆ ಇರುವ ನಮ್ಮವರು ಕ್ಯಾಂಪಿಂಗ್ ಹೊರಟರೆ ವಾರವಿಡೀ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಡುಗೆಯದೇ ಚರ್ಚೆ. ಪುಳಿಯೋಗರೆ ಗೊಜ್ಜು ಯಾರು ತರುತ್ತಾರೆ, ಡಿಕಾಕ್ಷನ್ ಮನೆಯಲ್ಲೇ ಇಳಿಸಿಕೊಂಡು ಹೋಗೋದಾ, ಮಕ್ಕಳಿಗೆ ಮ್ಯಾಗಿ ಎಷ್ಟು ಪ್ಯಾಕೆಟ್ಟು. ಟೆಂಟು ಎಲ್ಲಿ ಹಾಕಬೇಕು ಎಂಬುದು ಮಾತ್ರ ಅಲ್ಲಿಗೆ ಹೋಗಿ, ಕತ್ತಲಾದ ಮೇಲೆ, ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಊರೊಳಗಿನ ಪಾರ್ಕಿನಲ್ಲಾದರೆ ಅದು ನಡೆದೀತು. ಮರುಭೂಮಿಯ ಹೊಳೆ ಬದಿಯಲ್ಲಿ ನಡೆಯುವುದಿಲ್ಲ. ಹೀಗೆ ಹಾಕಿ ಪಾಡುಪಟ್ಟವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಅರಿಜೋನಾದ ಹೀಲಾ ಬಾಕ್ಸ್ ಸಂರಕ್ಷಣಾ ಪ್ರದೇಶವನ್ನೇ ತೆಗೆದುಕೊಳ್ಳೋಣ. ಸ್ಯಾಫರ್ಡ್ ಊರಿನ ಈಶಾನ್ಯಕ್ಕಿದೆ. ಸುಮಾರು 23 ಸಾವಿರ ಎಕರೆ. 1990ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಇದನ್ನು ಕಾಪಾಡಿತು. ನೋಡಿಕೊಳ್ಳುವುದು ಅಲ್ಲಿನ ಭೂ ನಿರ್ವಹಣಾ ಇಲಾಖೆ, ಅಂದರೆ ಬಿಎಲ್‌ಎಂ. ಸುತ್ತ ಕಳ್ಳಿ, ಕುರುಚಲು, ಬಿಸಿಲಿಗೆ ಬೆಂದ ಬಂಡೆ. ನಡುವೆ ಹೀಲಾ ನದಿ, ಸ್ಯಾನ್ ಫ್ರಾನ್ಸಿಸ್ಕೋ ನದಿ, ಬೊನೀಟಾ ಕ್ರೀಕ್, ಈಗಲ್ ಕ್ರೀಕ್ ಅಂತ ನಾಲ್ಕು ಹರಿವ ನೀರು. ದಂಡೆಯುದ್ದಕ್ಕೂ ಕಾಟನ್‌ವುಡ್ ಮರಗಳ ಹಸಿರು. ಬಂಡೆ ಮೇಲೆ ಬಿಗ್‌ಹಾರ್ನ್ ಕಾಡುಕುರಿ ಕಾಣುವುದೂ ಉಂಟು. ಇಲ್ಲಿಗೆ ಹೇಳಿದ್ದು ಬೇರೆ ಮರುಭೂಮಿ ಹೊಳೆಗಳಿಗೂ ಬಹುಪಾಲು ಹೊಂದುತ್ತದೆ.

ಹಂತ 1: ಯಾವಾಗ, ಹೇಗೆ

ಅಕ್ಟೋಬರ್ ಕೊನೆಯಿಂದ ನವೆಂಬರ್, ಇಲ್ಲವೇ ಮಾರ್ಚ್, ಏಪ್ರಿಲ್. ಬೇಸಿಗೆಯಲ್ಲಿ ಹೋಗಲೇಬೇಡಿ. ‘ಬಳ್ಳಾರಿ ಬಿಸಿಲು ಕಂಡವರು ನಾವು’ ಎನ್ನುವವರಿಗೂ ಇದೇ ಮಾತು. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಅಲ್ಲಿ ಮಾನ್ಸೂನ್ ಲೆಕ್ಕ. ಬಿಸಿಲಿನ ಜೊತೆಗೆ ಗುಡುಗು, ದಿಢೀರ್ ಪ್ರವಾಹ ಎರಡೂ ಇರುತ್ತವೆ.

ಫೀನಿಕ್ಸ್‌ನಿಂದ ಗ್ಲೋಬ್ ಎಂಬ ಊರಿನ ಮೇಲೆ ಸ್ಯಾಫರ್ಡ್‌ಗೆ ಸುಮಾರು ಮೂರು ತಾಸು. ಸ್ಯಾಫರ್ಡ್ ದಾಟಿ ಸಾಲಮನ್ ಬಳಿ ಸಾಂಚೆಜ್ ರಸ್ತೆಗೆ ತಿರುಗಿದರೆ ರಿವರ್‌ವ್ಯೂ ಕ್ಯಾಂಪ್‌ಗ್ರೌಂಡ್ ಕಡೆ ಹೋಗಬಹುದು. ಕೊನೆಯಲ್ಲಿ ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗುತ್ತದೆ. ಪೆಟ್ರೋಲು, ಐಸು, ನೀರು ಎಲ್ಲ ಸ್ಯಾಫರ್ಡ್‌ನಲ್ಲೇ ತುಂಬಿಸಿ.

ಹಂತ 2: ಹೊರಡುವ ಮುನ್ನ ಹೊಳೆಯ ಲೆಕ್ಕ ನೋಡಿ

ಹವಾಮಾನ ಎಲ್ಲರೂ ನೋಡುತ್ತಾರೆ. ಹೊಳೆ ಎಷ್ಟು ಹರಿಯುತ್ತಿದೆ ಅಂತ ಯಾರೂ ನೋಡುವುದಿಲ್ಲ. ಅಮೆರಿಕದ ಭೂವೈಜ್ಞಾನಿಕ ಇಲಾಖೆ ಕ್ಲಿಫ್ಟನ್ ಬಳಿ ಒಂದು, ಸಾಲಮನ್ ಬಳಿ ಒಂದು ಅಳತೆ ಕೇಂದ್ರ ಇಟ್ಟಿದೆ. ಲೆಕ್ಕ ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪೇಪರಿನಲ್ಲಿ ಕೆಆರ್‌ಎಸ್ ಒಳಹರಿವು ಓದಿ ಬೆಳೆದ ನಮಗೆ ಕ್ಯೂಸೆಕ್ ಹೊಸದೇನಲ್ಲ, ಅಲ್ವಾ? ಸಾಮಾನ್ಯ ದಿನಗಳಲ್ಲಿ ಇಲ್ಲಿ ಕೆಲವು ನೂರು ಕ್ಯೂಸೆಕ್ ಹರಿಯುತ್ತದೆ. 1983ರ ಅಕ್ಟೋಬರ್‌ನಲ್ಲಿ ಆಕ್ಟೇವ್ ಎಂಬ ಚಂಡಮಾರುತದ ಮಳೆಗೆ ಸಾಲಮನ್ ಬಳಿ 1 ಲಕ್ಷ 30 ಸಾವಿರ ಕ್ಯೂಸೆಕ್ ದಾಟಿತ್ತು. ಅಂಥದ್ದು ಅಪರೂಪ, ನಿಜ. ಆದರೆ ಗ್ರಾಫಿನ ಗೆರೆ ಮೇಲೇಳುತ್ತಿದ್ದರೆ ಅಂದಿನ ಪ್ರವಾಸ ಮುಂದಕ್ಕೆ ಹಾಕಿ. ನೀರು ಬರುವುದು ಪಕ್ಕದ ನ್ಯೂ ಮೆಕ್ಸಿಕೋದ ಬೆಟ್ಟಗಳಿಂದ. ಅಲ್ಲಿ ಮಳೆ ಹೊಯ್ಯುವಾಗ ನಿಮ್ಮ ತಲೆ ಮೇಲೆ ಒಂದು ಮೋಡವೂ ಇರಬೇಕಿಲ್ಲ.

ಹಂತ 3: ಜಾಗ ಹುಡುಕುವುದು

ಕೆಡಿಸಿಕೊಳ್ಳುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಿವರ್‌ವ್ಯೂ, ಔಲ್ ಕ್ರೀಕ್‌ನಂಥ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಗುರುತು ಮಾಡಿರುತ್ತಾರೆ. ಮೊದಲ ಸಲ ಹೋಗುವವರು, ಚಿಕ್ಕ ಮಕ್ಕಳಿರುವವರು ಅಲ್ಲೇ ಉಳಿಯಿರಿ. ‘ನಿಜವಾದ ಕ್ಯಾಂಪಿಂಗ್ ಅಂದ್ರೆ ಕಾಡಲ್ಲಿ’ ಎಂಬ ಗೆಳೆಯನ ಮಾತಿಗೆ ಮರುಳಾಗಬೇಡಿ. ಬೇರೆ ಕಡೆ ಹಾಕುವುದಿದ್ದರೆ ಸೂರ್ಯ ಮುಳುಗುವುದಕ್ಕೆ ಎರಡು ತಾಸು ಮೊದಲೇ ತಲುಪಿ. ಸಾಮಾನು ಇಳಿಸಬೇಡಿ. ಕೈ ಬೀಸಿಕೊಂಡು ಒಂದು ಸುತ್ತು ನಡೆಯಿರಿ.

ಮೊದಲು ಕಣ್ಣಿಗೆ ಬೀಳುವುದು ಸಪಾಟಾದ, ನುಣ್ಣನೆ ಮರಳಿರುವ, ಎರಡು ಬದಿ ದಿಬ್ಬ ಇರುವ ಅಗಲ ಪಟ್ಟಿ. ಹಾಸಿಗೆ ಹಾಸಿದಂತಿರುತ್ತದೆ. ಅದು ಒಣಹಳ್ಳ. ಉತ್ತರ ಕರ್ನಾಟಕದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಹಳ್ಳ ಬಂತು’ ಎಂದರೆ ದನ, ಗಾಡಿ ಬಿಟ್ಟು ಓಡಬೇಕು ಅಂತ ಅವರಿಗೆ ಗೊತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರಿಗೆ ಮಾತ್ರ ಅದು ಚೆಂದದ ಬೀಚು. ಎಷ್ಟೇ ಒಣಗಿದ್ದರೂ ಅಲ್ಲಿ ಟೆಂಟು ಬೇಡ, ಕಾರೂ ಬೇಡ.

ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ದಂಡೆಯೇ ತೋರಿಸುತ್ತದೆ. ಪೊದೆಗಳ ನಡುವೆ ಒಣ ಕಡ್ಡಿ, ಹುಲ್ಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡಿದೆಯಾ ನೋಡಿ. ನೆಲ ನೋಡಿದರೆ ಸಾಲದು, ತಲೆ ಎತ್ತಿ ಕೊಂಬೆಗಳನ್ನೂ ನೋಡಿ. ಎದೆ ಮಟ್ಟದ ಕೊಂಬೆಗೆ ಕಸದ ಸಿಂಬಿ ಸುತ್ತಿಕೊಂಡಿದ್ದರೆ ನೀರು ಅಷ್ಟೆತ್ತರ ಬಂದಿತ್ತು ಅಂತಲೇ ಅರ್ಥ. ವಿಲೋ ಗಿಡಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ್ದರೆ, ಚಕ್ಕೆ ಚಕ್ಕೆಯಾಗಿ ಬಿರಿದ ಕೆಸರು ಕಂಡರೆ, ನೀವಿನ್ನೂ ಹೊಳೆಯ ಜಾಗದಲ್ಲೇ ನಿಂತಿದ್ದೀರಿ. ಇನ್ನೂ ಮೇಲೆ ಹತ್ತಿ. ಕಸದ ಗೆರೆ ದಾಟಿ, ಹಳೆಯ ಮೆಸ್ಕೀಟ್ ಗಿಡಗಳು ನೆಟ್ಟಗೆ ನಿಂತಿರುವ ಮಟ್ಟ ಸಿಗುವವರೆಗೂ ನಡೆಯಿರಿ. ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಮುಳ್ಳೂ ಹಾಗೇ ಇರುತ್ತದೆ, ಚಪ್ಪಲಿ ತೂರಿ ಬರುತ್ತದೆ.

ನೀರಿನಿಂದ ಕಡಿಮೆ ಎಂದರೆ 60 ಮೀಟರ್ ದೂರ ಇರಲಿ. ಇದು ಬರೀ ನಿಮ್ಮ ಕ್ಷೇಮಕ್ಕಲ್ಲ. ಸುತ್ತಲಿನ ಪ್ರಾಣಿಗಳಿಗೆಲ್ಲ ಇದೊಂದೇ ನೀರು. ರಾತ್ರಿ ಕುಡಿಯಲು ಬರುವ ದಾರಿಯಲ್ಲಿ ನೀವು ದೀಪ ಹಚ್ಚಿಕೊಂಡು ಅಂತ್ಯಾಕ್ಷರಿ ಆಡುತ್ತಿದ್ದರೆ ಅವು ಎಲ್ಲಿಗೆ ಹೋಗಬೇಕು? ಜೊತೆಗೆ ತಣ್ಣನೆಯ ಗಾಳಿ ರಾತ್ರಿ ಹೊಳೆ ಮಟ್ಟಕ್ಕೆ ಇಳಿದು ಕೂರುತ್ತದೆ. ಸ್ವಲ್ಪ ಮೇಲಿದ್ದರೆ ಚಳಿಯೂ ಕಡಿಮೆ, ಸೊಳ್ಳೆಯೂ ಕಡಿಮೆ.

ಇನ್ನೊಂದು ಮೋಸದ ಜಾಗವಿದೆ. ಕುರುಚಲಿನ ನಡುವೆ ಗುಂಡಗೆ, ಒಂದು ಹುಲ್ಲುಕಡ್ಡಿಯೂ ಇಲ್ಲದೆ ಗುಡಿಸಿಟ್ಟಂಥ ಅಂಗಳ. ‘ಯಾರೋ ಮೊದಲೇ ಟೆಂಟು ಹಾಕಿ ಹೋಗಿದ್ದಾರೆ’ ಅಂತ ಖುಷಿಯಾಗಿ ಹಾಸುತ್ತಾರೆ. ಗುಡಿಸಿದವು ಹಾರ್ವೆಸ್ಟರ್ ಇರುವೆಗಳು, ಅದು ಅವುಗಳ ಗೂಡಿನ ಅಂಗಳ. ರಾತ್ರಿ ಅವು ಒಳಗಿರುವುದರಿಂದ ಏನೂ ಗೊತ್ತಾಗುವುದಿಲ್ಲ. ಬಿಸಿಲೇರಿದ ಮೇಲೆ ಗೊತ್ತಾಗುತ್ತದೆ. ಕಚ್ಚಿದರೆ ತಾಸುಗಟ್ಟಲೆ ಉರಿ. ನಡುವೆ ಒಂದು ತೂತು ಇದೆಯಾ ನೋಡಿಕೊಳ್ಳಿ, ಸಾಕು.

ದೊಡ್ಡ ಕಾಟನ್‌ವುಡ್ ನೆರಳಿನಲ್ಲಿ ಮಧ್ಯಾಹ್ನ ಊಟ ಮಾಡಿ, ಮಲಗಬೇಡಿ. ಅದರ ಕೊಂಬೆ ಗಾಳಿಯಿಲ್ಲದೆಯೂ ಮುರಿದು ಬೀಳುವುದುಂಟು. ಅಲ್ಲದೆ ಅದರ ತೊಗಟೆಯ ಸಂದಿ ಎಂದರೆ ಬಾರ್ಕ್ ಚೇಳಿಗೆ ಇಷ್ಟ. ಅರಿಜೋನಾದ ಚೇಳುಗಳಲ್ಲಿ ಹೆಚ್ಚು ವಿಷದ್ದು ಇದೇ. ಒಂದು ಸಣ್ಣ ಅಲ್ಟ್ರಾವಯಲೆಟ್ ಟಾರ್ಚ್ ಇಟ್ಟುಕೊಳ್ಳಿ. ಆ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ. ಬೆಳಿಗ್ಗೆ ಶೂ ಕೊಡವದೆ ಕಾಲು ಹಾಕಬೇಡಿ.

ಕೊನೆಗೆ ಮಂಡಿಯೂರಿ ಅಂಗೈಯಿಂದ ನೆಲ ಸವರಿ. ನೆಗ್ಗಿಲು ಮುಳ್ಳು ಅಲ್ಲಿಗೂ ವಲಸೆ ಹೋಗಿದೆ. ಗಾಳಿ ತುಂಬುವ ಹಾಸಿಗೆಗೆ ಒಂದೇ ಒಂದು ಸಾಕು, ಮಧ್ಯರಾತ್ರಿ ಬೆನ್ನಿಗೆ ಕಲ್ಲು. ನನ್ನ ಮಟ್ಟಿಗೆ ಗಾಳಿ ಹಾಸಿಗೆಯೇ ದಂಡ. ಫೋಮಿನ ಮಡಚುವ ಹಾಸಿಗೆ ತೆಗೆದುಕೊಳ್ಳಿ.

ಹಂತ 4: ಮರಳಿನಲ್ಲಿ ಟೆಂಟು ನಿಲ್ಲಿಸುವುದು

ಟೆಂಟಿನ ಜೊತೆ ಬರುವ ತಂತಿಯಂಥ ಗೂಟಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಗಟ್ಟಿ ನೆಲದಲ್ಲಿ ಬಾಗುತ್ತವೆ, ಮರಳಿನಲ್ಲಿ ಸುಮ್ನೆ ಕಿತ್ತು ಬರುತ್ತವೆ. ವಸಂತದಲ್ಲಿ ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಜೋರು. ಖಾಲಿ ಟೆಂಟು ಬಿಟ್ಟು ನೀರಾಡಲು ಹೋದವರ ಟೆಂಟು ಅವರಿಗಿಂತ ಮೊದಲು ಹೊಳೆ ಸೇರುತ್ತದೆ.

ಹೀಗೆ ಮಾಡಿ. ಬಟ್ಟೆಯ ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿ. ಅಕ್ಕಿಯ ಹಳೇ ಚೀಲವೂ ಆಗುತ್ತದೆ. ಟೆಂಟಿನ ಹಗ್ಗವನ್ನು ಚೀಲದ ಸೊಂಟಕ್ಕೆ ಬಿಗಿಯಿರಿ. ಮೊಣಕೈ ಆಳದ ಗುಂಡಿ ತೋಡಿ, ಚೀಲವನ್ನು ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ, ಮರಳು ಮುಚ್ಚಿ ತುಳಿಯಿರಿ. ಮೇಲೆ ಪಾತ್ರೆ ತೊಳೆದ ನೀರಲ್ಲ, ಬರೀ ನೀರು ಚಿಮುಕಿಸಿದರೆ ಇನ್ನೂ ಗಟ್ಟಿ. ನಾಲ್ಕು ಮೂಲೆಗೂ ಇದನ್ನೇ ಮಾಡಿ. ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ. ಕೆಳಗೆ ಹಾಸುವ ಟಾರ್ಪಾಲು ಟೆಂಟಿನಿಂದ ಹೊರಗೆ ಚಾಚದಂತೆ ಒಳಕ್ಕೆ ಮಡಚಿ. ಚಾಚಿದರೆ ಮಳೆ ನೀರನ್ನು ಹಿಡಿದು ನಿಮ್ಮ ಕೆಳಗೇ ತುಂಬುತ್ತದೆ.

ಹಂತ 5: ನೀರು, ಒಲೆ

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕ ಹಿಡಿದು ಊರಿನಿಂದಲೇ ಒಯ್ಯಿರಿ. ಅನ್ನ, ಸಾರು ಮಾಡುವ ನಮ್ಮಂಥವರು ಇನ್ನೂ ಜಾಸ್ತಿ ಇಟ್ಟುಕೊಳ್ಳಿ. ಹೊಳೆ ಇದೆಯಲ್ಲ, ಫಿಲ್ಟರ್ ಇದೆಯಲ್ಲ ಎನ್ನಬೇಡಿ. ನೀರು ಕೆಂಪಗೆ ಬಂದ ದಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಮೇಲ್ಗಡೆ ಮೊರೆನ್ಸಿಯ ದೊಡ್ಡ ತಾಮ್ರದ ಗಣಿಯೂ ಇದೆ. ಫಿಲ್ಟರ್ ಆಗಲಿ, ಕುದಿಸುವುದಾಗಲಿ ನೀರಲ್ಲಿ ಕರಗಿದ ಲೋಹ ತೆಗೆಯುವುದಿಲ್ಲ. ತೀರಾ ಬೇಕೇ ಆದರೆ ಬಕೆಟ್ಟಿನಲ್ಲಿ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಗ್ಗಿಸಿ, ಸೋಸಿ, ಕುದಿಸಿ. ಬೊನೀಟಾ ಕ್ರೀಕ್‌ನಲ್ಲಂತೂ ಸೋಪು ಹಚ್ಚಲೇಬಾರದು. ಸ್ಯಾಫರ್ಡ್ ಊರಿನ ಕುಡಿಯುವ ನೀರಿನ ಮೂಲಗಳಲ್ಲಿ ಅದೂ ಒಂದು.

ಒಲೆಗೆ ಗ್ಯಾಸ್ ಸ್ಟೋವ್ ಸಾಕು. ಬೆಂಕಿ ಹಾಕಬಹುದಾ ಅಂತ ಆ ವಾರದ ನಿಯಮ ಬಿಎಲ್‌ಎಂ ಕಚೇರಿಗೆ ಫೋನ್ ಮಾಡಿ ಕೇಳಿ. ಹಾಕಿದರೂ ಕಬ್ಬಿಣದ ತಟ್ಟೆಯಲ್ಲಿ ಹಾಕಿ, ಹಸಿ ಗಿಡ ಮುರಿಯಬೇಡಿ. ಚಿತ್ರಾನ್ನ ಹೇಗೆ ಮಾಡಬೇಕು ಅಂತ ನಿಮಗೆ ಹೇಳಿಕೊಡಬೇಕಿಲ್ಲ.

ಹಂತ 6: ಬಯಲಿಗೆ ಹೋಗುವುದು, ಬಿಟ್ಟು ಬರುವುದು

ಕ್ಯಾಂಪ್‌ಗ್ರೌಂಡಿನ ಶೌಚಾಲಯ ಇದ್ದರೆ ಅದನ್ನೇ ಬಳಸಿ. ಇಲ್ಲದ ಕಡೆ ನನ್ನ ಆಯ್ಕೆ ಮುಚ್ಚಳ ಬಿಗಿಯುವ ಬಕೆಟ್ಟು, ಅದರೊಳಗೆ ಹೊಲಸನ್ನು ಗಟ್ಟಿಯಾಗಿಸುವ ಜೆಲ್ ಪುಡಿಯ ಚೀಲ. ವಾಪಸ್ ತಂದು ಕಸಕ್ಕೆ ಹಾಕುವುದು. ಮುಖ ಸಿಂಡರಿಸುವವರು ನೀರಿನಿಂದ 60 ಮೀಟರ್ ಆಚೆ ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಬೇಕು. ಕಾಗದ ಮಾತ್ರ ಅಲ್ಲಿ ಹೂಳಬೇಡಿ, ಜಿಪ್ ಚೀಲದಲ್ಲಿ ತನ್ನಿ. ಚೊಂಬು ಹಿಡಿದು ಹೊಳೆಗಿಳಿಯುವ ಹಳೇ ಅಭ್ಯಾಸ ಇಲ್ಲಿ ಬೇಡವೇ ಬೇಡ.

ಕಿತ್ತಳೆ, ಕಡಲೆಕಾಯಿ ಸಿಪ್ಪೆಯನ್ನು ‘ಕೊಳೆಯುತ್ತೆ ಬಿಡಿ’ ಅಂತ ಎಸೆಯುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಆ ಒಣ ಹವೆಯಲ್ಲಿ ಅದು ಬೇಗ ಕೊಳೆಯುವುದಿಲ್ಲ, ಒಣಗಿ ಅಲ್ಲೇ ಬಿದ್ದಿರುತ್ತದೆ. ಹೊರಡುವ ಮುನ್ನ ಒಂದು ಚೀಲ ಅವರ ಕೈಗೇ ಕೊಟ್ಟು ಆರಿಸಲು ಹೇಳಿ.