ಒಪೆರಾ ನೋಡಬೇಕಂದ್ರೆ ಇಲ್ಲಿಂದ ಶುರು ಮಾಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಕಂಪನಿ ನಾಟಕದ ಹಾಡು ಕೇಳಿ ಬೆಳೆದವರು ಒಪೆರಾವನ್ನೂ, ಅಂದ್ರೆ ಹಾಡಿನಲ್ಲೇ ಕಥೆ ಹೇಳುವ ಪಾಶ್ಚಾತ್ಯ ಸಂಗೀತ ನಾಟಕವನ್ನೂ, ಒಮ್ಮೆ ನೋಡಿ. ಸುಮ್ನೆ ಆಡಿಯೋ ಕೇಳಿದರೆ ಭಾಷೆ ತಿಳಿಯದೆ ಬೇಸರ ಬರುತ್ತದೆ. ಸಬ್‌ಟೈಟಲ್ ಹಾಕಿಕೊಂಡು ನೋಡಿದರೆ ಕಥೆ ಕೈಗೆ ಸಿಗುತ್ತದೆ.

ಮೊದಲಿಗೆ ಮೊಜಾರ್ಟ್‌ನ 'ದಿ ಮ್ಯಾಜಿಕ್ ಫ್ಲೂಟ್'. ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ 1975ರಲ್ಲಿ ಸ್ವೀಡನ್ನಿನ ಟಿವಿಗೆ ಮಾಡಿದ ಸಿನಿಮಾ. ಮೂಲ ಜರ್ಮನ್, ಇಲ್ಲಿ ಸ್ವೀಡಿಷ್‌ನಲ್ಲಿ ಹಾಡಿಸಿದ್ದಾರೆ. ಶುರುವಿನ ವಾದ್ಯಸಂಗೀತದ ಹೊತ್ತಿಗೆ ಕ್ಯಾಮೆರಾ ಪ್ರೇಕ್ಷಕರ ಮುಖಗಳ ಮೇಲೆ ಓಡಾಡುತ್ತದೆ. ಒಬ್ಬ ಪುಟ್ಟ ಹುಡುಗಿಯ ಮುಖಕ್ಕೆ ಮತ್ತೆ ಮತ್ತೆ ಮರಳುತ್ತದೆ. ಮಧ್ಯಂತರದಲ್ಲಿ ರಾತ್ರಿಯ ರಾಣಿ ಪಾತ್ರದವರು ವೇಷದಲ್ಲೇ ಕೂತು ಸಿಗರೇಟು ಸೇದುತ್ತಾರೆ! ನಾಟಕ ಕಂಪನಿಯ ಪರದೆ ಹಿಂದೆ ಇಣುಕಿದವರಿಗೆ ಇದು ತುಂಬಾ ಹತ್ತಿರ ಅನಿಸುತ್ತದೆ, ಅಲ್ವಾ?

ಆಮೇಲೆ ನಿರ್ದೇಶಕ ಫ್ರಾನ್ಚೆಸ್ಕೊ ರೋಸಿಯ 1984ರ ಒಪೆರಾ ಸಿನಿಮಾ 'ಕಾರ್ಮೆನ್'. ಇದರಲ್ಲಿ ರಂಗಮಂದಿರವೇ ಇಲ್ಲ. ಸ್ಪೇನಿನ ಬಿಸಿಲಲ್ಲಿ, ಬೀದಿಯಲ್ಲಿ ತೆಗೆದದ್ದು. ಹೆಸರಾಂತ ಒಪೆರಾ ಗಾಯಕ ಪ್ಲಾಸಿಡೊ ಡೊಮಿಂಗೊ ದನಿ ಕೇಳಲಿಕ್ಕಾದರೂ ನೋಡಲೇಬೇಕು.

ಒಂದೇ ಸಲಕ್ಕೆ ಕೂತು ಮುಗಿಸಬೇಡಿ. ದಿನಕ್ಕೆ ಒಂದು ಅಂಕ ಸಾಕು. ಮೊದಲೇ ಕಥೆ ಓದಿಕೊಳ್ಳಿ. ಫೋನಿನ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ.