ಯಾವ ಹೆಸರು, ಯಾವ ನಾಳೆ?

ನಮ್ಮೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನದು. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಉತಾರ (ಪಹಣಿ) ತೆಗೆದುಕೊಡುವುದು, ಅರ್ಜಿ ತುಂಬುವುದು, ಬೆಳೆ ವಿಮೆ ತುಂಬುವುದು ದಿನದ ಕೆಲಸ. ಊರಿನ ರೈತರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕುವವನೂ ನಾನೇ. ಗ್ರೂಪಿನಲ್ಲಿ ಇನ್ನೂರಕ್ಕಿಂತ ಜಾಸ್ತಿ ಜನ ಇದ್ದಾರೆ. ಆದರೆ ಸುದ್ದಿ ಅವರಿಗಷ್ಟೇ ನಿಲ್ಲುವುದಿಲ್ಲ. ಸಂಜೆ ಗುಡಿ ಕಟ್ಟೆಯ ಮೇಲೆ ಒಬ್ಬ ಹುಡುಗ ಮೊಬೈಲ್ ಹಿಡಿದು ಓದುತ್ತಾನೆ, ಸುತ್ತ ಕೂತ ಹತ್ತು ಜನ ಕೇಳುತ್ತಾರೆ. ನಾನು ಬರೆದದ್ದು ಅಲ್ಲಿ ಮಾತಾಗುತ್ತದೆ.

2024ರ ಮುಂಗಾರಿನಲ್ಲಿ ನಾನು ಹಾಕಿದ ಒಂದು ಮೆಸೇಜ್ ಹೀಗಿತ್ತು: "ಹೆಸರು ಬೆಂಬಲ ಬೆಳೆ ನೋಂದಣಿ ಶುರುವಾಗಿದೆ. ನಾಳೆ ದಾಖಲೆ ತನ್ನಿ." ಅಂಗಡಿ ತುಂಬ ಜನ ಇದ್ದರು. ಅವಸರದಲ್ಲಿ ಬರೆದೆ, ಕಳಿಸಿದೆ, ಮರೆತೆ.

ನಾಲ್ಕು ದಿನ ಬಿಟ್ಟು ನಮ್ಮ ಓಣಿಯ ಅಜ್ಜ ಒಬ್ಬರು ಬಂದರು. "ತಮ್ಮಾ, ನನ್ನ ಹೆಸರು ಹ್ವಾದ ವರ್ಷನ ಬರಸೇನಲ್ಲ, ಮತ್ಯಾಕ ಬರಸೂದಂತ ಸುಮ್ನಿದ್ದೆ" ಅಂದರು. ಅಷ್ಟರಲ್ಲಿ ಅವರು ತಮ್ಮ ನಾಲ್ಕು ಕ್ವಿಂಟಲ್ ಕಾಳನ್ನು ದಲಾಲಿ ಅಂಗಡಿಗೆ ಹಾಕಿ ಬಂದಿದ್ದರು. ಆ ವರ್ಷ ಹೆಸರುಕಾಳಿಗೆ, ನೋಂದಣಿ ಮಾಡಿಸಿದವರಿಗೆ ಸರಕಾರ ಕೊಡುವ ಬೆಂಬಲ ಬೆಲೆ ಕ್ವಿಂಟಲ್‌ಗೆ 8,682 ರೂಪಾಯಿ. ಅಜ್ಜನಿಗೆ ಸಿಕ್ಕಿದ್ದು ಅದಕ್ಕಿಂತ ಬಹಳ ಕಡಿಮೆ. ಅವರು ನನ್ನನ್ನು ಬೈಯಲಿಲ್ಲ. ಆ ರಾತ್ರಿ ನನಗೆ ಊಟ ಇಳಿಯಲಿಲ್ಲ.

ಮೆಸೇಜನ್ನು ಮತ್ತೆ ಮತ್ತೆ ಓದಿದೆ. ‘ಬೆಲೆ’ ಹೋಗಿ ‘ಬೆಳೆ’ ಆಗಿತ್ತು. ಬೆಲೆ ಅಂತ ಸರಿಯಾಗಿ ಬಿದ್ದಿದ್ದರೆ ಅಜ್ಜನಿಗೆ ಇದು ಕಾಳಿನ ಮಾತು ಅಂತ ಹೊಳೆಯುತ್ತಿತ್ತೋ ಏನೋ. ‘ಹೆಸರು’ ಅಂದರೆ ನಮ್ಮ ಕಡೆ ಕಾಳೂ ಹೌದು, ಮನುಷ್ಯನ ಹೆಸರೂ ಹೌದು. ಮುಂದೆ ‘ನೋಂದಣಿ’ ಅಂತ ಇದ್ದರೆ ಯಾರಿಗಾದರೂ ಮನುಷ್ಯನ ಹೆಸರೇ ನೆನಪಾಗುತ್ತದೆ, ಅಲ್ವಾ? ಇನ್ನು ‘ನಾಳೆ’. ಮೆಸೇಜ್ ಫಾರ್ವರ್ಡ್ ಆಗಿ ಮರುದಿನ ಪಕ್ಕದ ಊರಿಗೆ ಮುಟ್ಟಿದಾಗ ಅವರ ನಾಳೆ ಬೇರೆ, ನನ್ನ ನಾಳೆ ಬೇರೆ.

ಕೀಬೋರ್ಡ್ ಕಡೆ ಮೊದಲು ಗಮನ ಕೊಟ್ಟೆ. ನಾನು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತಿದ್ದೆ. ಬಿ, ಇ, ಎಲ್, ಇ ಅಂತ ಒತ್ತಿದರೆ ಬೆಲೆ, ಬೆಳೆ, ಬೇಳೆ ಮೂರೂ ಮೇಲೆ ಸಾಲಾಗಿ ನಿಲ್ಲುತ್ತವೆ. ಹೆಬ್ಬೆರಳು ಯಾವುದಕ್ಕೆ ತಗಲಿತೋ ಅದು ಬಿತ್ತು. ಮೂರೂ ನಿಜವಾದ ಪದಗಳೇ ಆದ್ದರಿಂದ ಕೆಳಗೆ ಕೆಂಪು ಗೆರೆ ಬರುವುದಿಲ್ಲ. ಕೊಳೆ, ಕೊಲೆ, ಕಾಳು, ಕಾಲು, ಹಳ್ಳಿ, ಹಲ್ಲಿ ಎಲ್ಲಾ ಇದೇ ಕತೆ. ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಅನ್ನುವ ಕನ್ನಡ ಬರೆಯುವ ತಂತ್ರಾಂಶ ಇತ್ತು. ಅದರಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಇದೆ. ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ನಾನು ಒತ್ತಿದ್ದೇ ಬರುತ್ತದೆ, ಯಂತ್ರ ತಾನೇ ಊಹಿಸುವುದಿಲ್ಲ. ಈಗ ಮುಖ್ಯ ಸುದ್ದಿ ಇದ್ದರೆ ಕಂಪ್ಯೂಟರಿನಲ್ಲೇ ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲಿನಲ್ಲೂ ಸರಿಯಾಗಿ ಕಾಣುವ ಅಕ್ಷರದಲ್ಲಿ, ಬರೆದು ಮೊಬೈಲಿಗೆ ಕಳಿಸಿಕೊಳ್ಳುತ್ತೇನೆ. ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಬರೆದು ಅಂಟಿಸಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ, ಅದೊಂದು ನೆನಪಿರಲಿ.

ದ, ಧ ಮತ್ತು ಶ, ಷ ಬಗ್ಗೆ ಅನುಮಾನ ಬಂದರೆ ಆನ್‌ಲೈನ್‌ನಲ್ಲಿರುವ ಅಲರ್ ಅನ್ನುವ ಕನ್ನಡ-ಇಂಗ್ಲಿಷ್ ನಿಘಂಟು ತೆರೆಯುತ್ತೇನೆ. ವಿ. ಕೃಷ್ಣ ಅವರು ಹತ್ತಾರು ವರ್ಷ ಕೂತು ಕಟ್ಟಿದ್ದು. ಒಂದೂವರೆ ಲಕ್ಷ ನಮೂದುಗಳಿವೆ, ಪುಕ್ಕಟೆ ಸಿಗುತ್ತದೆ. ‘ಶ್ರದ್ಧಾಂಜಲಿ’ಯನ್ನು ನಾನು ಎಷ್ಟೋ ವರ್ಷ ತಪ್ಪಾಗಿಯೇ ಬರೆದಿದ್ದೆ. ಸತ್ತವರ ಮನೆಯವರು ಓದುವ ಮಾತು ಅದು, ಅಲ್ಲಿ ತಪ್ಪಬಾರದು. ಸಾವಿನ ಸುದ್ದಿಯಾದರೆ ಹೆಸರನ್ನು ಆ ಮನೆಗೆ ಫೋನ್ ಹಚ್ಚಿ ಕೇಳಿಯೇ ಬರೆಯುತ್ತೇನೆ. ಅಣ್ಣನ ಹೆಸರು ಒತ್ತಲು ಹೋದಾಗ ಮೊಬೈಲು ತಮ್ಮನ ಹೆಸರು ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅಂಕಿಗಳನ್ನು ಬೇರೆಯಾಗಿ ನೋಡಬೇಕು. ಅಕ್ಷರ ಓದುವ ಕಣ್ಣು ಅಂಕಿಯನ್ನು ಜಿಗಿದು ಹೋಗುತ್ತದೆ. 8,682 ಹೋಗಿ 8,628 ಆದರೆ ಕ್ವಿಂಟಲ್‌ಗೆ 54 ರೂಪಾಯಿ ವ್ಯತ್ಯಾಸ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಆದೇಶದ ಪ್ರತಿಯ ಜೊತೆ ತಾಳೆ ನೋಡುತ್ತೇನೆ. ‘ನಾಳೆ’, ‘ನಾಡಿದ್ದು’ ಬರೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ತಾರೀಖು, ವಾರ ಎರಡನ್ನೂ ಹಾಕುತ್ತೇನೆ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ.

ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ 15 ನಿಮಿಷ ತಿದ್ದಲು ಬರುತ್ತದೆ, ನಿಜ. ಆದರೆ ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಬದಲಾಗುವುದಿಲ್ಲ, ತಪ್ಪು ತಪ್ಪಾಗಿಯೇ ಊರು ಸುತ್ತುತ್ತದೆ. ಅದಕ್ಕೇ ಮೊದಲು ನನ್ನ ನಂಬರಿಗೇ ಕಳಿಸಿ ಓದುತ್ತೇನೆ. ಬರೆಯುವ ಜಾಗದಲ್ಲಿ ಕಾಣದ ತಪ್ಪು ಅಲ್ಲಿ ಕಾಣುತ್ತದೆ. ಅದನ್ನೂ ದಾಟಿ ತಪ್ಪು ಹೋದರೆ ಹೊಸ ಮೆಸೇಜಿನ ಮೊದಲ ಪದವೇ ‘ತಿದ್ದುಪಡಿ’. ಮುಚ್ಚಿಡುವುದಿಲ್ಲ.

ಒಂದು ಮಾತು ಮಾತ್ರ ಜೋರಾಗಿ ಹೇಳಬೇಕು. ಗ್ರೂಪಿನಲ್ಲಿ ಒಬ್ಬರು "ಎಲ್ಲಾರೂ ಲಗೂನ ಬರ್ರಿ" ಅಂತ ಬರೆದಿದ್ದರು. ಓದಿದ ಹುಡುಗನೊಬ್ಬ ಅದನ್ನು "ಬೇಗನೆ ಬನ್ನಿ" ಅಂತ ತಿದ್ದಿದ. ನಾನು ಒಪ್ಪಲಿಲ್ಲ. ಬರ್ರಿ ಅನ್ನುವುದು ನಮ್ಮ ಮಾತು, ಅದರಲ್ಲಿ ತಪ್ಪಿಲ್ಲ, ಎಲ್ಲರಿಗೂ ತಿಳಿಯುತ್ತದೆ. ತಿದ್ದಿಸಿಕೊಂಡವರು ಆಮೇಲೆ ಎರಡು ತಿಂಗಳು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಬೆಲೆ, ಬೆಳೆ ತಿದ್ದೋಣ. ಬರ್ರಿಯನ್ನು ತಿದ್ದುವುದು ಬೇಡ.

ಇಷ್ಟೆಲ್ಲಾ ಮಾಡಿದರೂ ನನಗೆ ಜಾಸ್ತಿ ನಂಬಿಕೆ ಇರುವುದು ಅವ್ವನ ಮೇಲೆ. ಅವ್ವನಿಗೆ ಓದು ಬರುವುದಿಲ್ಲ. ಕಳಿಸುವ ಮುಂಚೆ ಅಡುಗೆಮನೆ ಬಾಗಿಲಲ್ಲಿ ನಿಂತು ಅವಳಿಗೆ ಜೋರಾಗಿ ಓದುತ್ತೇನೆ. ಕಟ್ಟೆಯ ಮೇಲೆ ಕೇಳುವವರು ಹೇಗೋ ಅವಳೂ ಹಾಗೇ. ಮೊನ್ನೆ "ಗೊಬ್ಬರ ಬಂದಿದೆ, 14ನೇ ತಾರೀಖಿನೊಳಗೆ ಒಯ್ಯಿರಿ" ಅಂತ ಓದಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾವ ಗೊಬ್ಬರೋ? ತಿಪ್ಪೀದೋ, ಚೀಲದ್ದೋ?"

ವಾಪಸ್ ಹೋಗಿ ಚೀಲದ ಗೊಬ್ಬರದ ಹೆಸರು ‘ಡಿಎಪಿ’ ಅಂತ ಸೇರಿಸಿದೆ. ತಾರೀಖಿನ ಪಕ್ಕ ವಾರ ಬಿಟ್ಟುಹೋಗಿತ್ತು, ಅದನ್ನೂ ಹಾಕಿದೆ. ಮತ್ತೆ ಬಂದು ಓದಿದೆ. ಅವ್ವ "ಹ್ಞೂಂ, ಈಗ ಕಳಸು" ಅಂದಳು.